ಎರಡನೇ ಆವಲಪ್ಪ

ನಮ್ಮ ಚಂದ್ರಶೇಖರ್ ಸಾರ್ ಅವರಂಥ ಪುಕ್ಕಲರನ್ನು ನಾನು ಬೇರೆಲ್ಲೂ ನೋಡಿಲ್ಲ. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುತ್ತಿದ್ದರು. ಬಸ್ಸಿನಲ್ಲಿ ಇಳಿಯುವ ತನಕ ಟಿಕೆಟ್ಟನ್ನು ಬೆರಳಿನಲ್ಲೇ ಹಿಡಿದಿರುತ್ತಿದ್ದರು. ಮ್ಯಾನೇಜರ್ ಪಕ್ಕದ ಕೋಣೆಯಲ್ಲಿ ಕೆಮ್ಮಿದರೆ ಇವರು ಇಲ್ಲಿ ಎದ್ದು ನಿಲ್ಲುತ್ತಿದ್ದರು. ನಾನು ಶಾಮಲಮ್ಮ, ಶ್ರೀನಿವಾಸಪುರದವಳು. ಮಾಲೂರಿನ ಹತ್ತಿರ ಗುಲಾಬಿ ಬೆಳೆದು ಹೊರದೇಶಕ್ಕೆ ಕಳಿಸುವ ಒಂದು ಕಂಪನಿಯಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದೆ. ಹದಿನೈದು ವರ್ಷ ಅವರನ್ನು ಗೇಲಿ ಮಾಡಿದ್ದೇನೆ. ಪಾಪ ಅನ್ನಿಸುತ್ತಿತ್ತು, ಆದರೆ ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ.

ಅವರದು ಮುಳಬಾಗಿಲಿನಲ್ಲಿ ಲೆಕ್ಕಪತ್ರ ಬರೆದುಕೊಂಡು ಬಂದ ಮನೆತನ. ೧೯೯೪ರಲ್ಲಿ ಹಾಜರಿ ಪುಸ್ತಕ ಬರೆಯಲು ನಮ್ಮಲ್ಲಿಗೆ ಸೇರಿದರು. ಬೆಳಗ್ಗೆ ಗೇಟಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಒಬ್ಬೊಬ್ಬರ ಮುಖ ನೋಡಿ ಹೆಸರಿನ ಮುಂದೆ ಗುರುತು ಹಾಕುವುದು ಅವರ ಕೆಲಸ. ಯಾರು ಹೋಳೂರಿನವರು, ಯಾರ ಮಗಳಿಗೆ ಜ್ವರ, ಯಾರ ಹಸು ಕರು ಹಾಕಿತು, ಎಲ್ಲ ಅವರಿಗೆ ಗೊತ್ತಿರುತ್ತಿತ್ತು. ಆ ಸ್ಟೂಲಿನ ಮೇಲೆ ಕೂತಾಗ ಮಾತ್ರ ಅವರ ಮುಖದಲ್ಲಿ ಭಯ ಇರುತ್ತಿರಲಿಲ್ಲ.

೨೦೦೮ರಲ್ಲಿ ಆ ಪುಸ್ತಕ ಹೋಯಿತು. ಬೆಂಗಳೂರಿನಿಂದ ನಂದಕಿಶೋರ್ ಎಂಬ ಹೊಸ ಮ್ಯಾನೇಜರ್ ಬಂದರು, ಅವರ ಹಿಂದೆಯೇ ಕಾರ್ಡುಗಳು ಬಂದವು. ಪ್ರತಿಯೊಬ್ಬರಿಗೂ ಒಂದು ಕಾರ್ಡು, ಪ್ರತಿ ಬಾಗಿಲಿಗೂ ಒಳಗೊಂದು ಹೊರಗೊಂದು ಕಾರ್ಡು ಉಜ್ಜುವ ಡಬ್ಬಿ. ಯಾವ ಬಾಗಿಲು ಯಾರಿಗೆ ತೆರೆಯಬೇಕು ಅನ್ನುವುದಕ್ಕೆ ಕಂಪ್ಯೂಟರಿನಲ್ಲಿ ಗ್ರೂಪುಗಳು: ಪ್ಯಾಕಿಂಗ್ ಗ್ರೂಪು, ಔಷಧಿ ಗೋದಾಮಿನ ಗ್ರೂಪು, ಕೊಯ್ದ ಹೂವನ್ನು ತಣ್ಣಗಿಡುವ ಕೋಲ್ಡ್ ರೂಮಿನ ಗ್ರೂಪು. ಗ್ರೂಪಿನಲ್ಲಿ ನಿಮ್ಮ ನಂಬರ್ ಇದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು.

ಆ ಗ್ರೂಪುಗಳನ್ನು ನೋಡಿಕೊಳ್ಳುವ ಕೆಲಸ ಚಂದ್ರಶೇಖರ್ ಸಾರ್ ತಲೆಗೆ ಬಿತ್ತು. ಮಹಡಿಯ ಮೇಲೆ ಕೋಣೆ ಕೊಟ್ಟು, ಎಂಟು ದಿನ ಕಲಿಸಿದರು. ಬೆಂಗಳೂರಿನಲ್ಲಿದ್ದ ಸರ್ವರ್ ಕಂಪ್ಯೂಟರಿಗೆ ಒಂದು ಸಾಲಿನ ಕೋರಿಕೆ ಬರೆದು ಕಳಿಸಬೇಕು. ಅದಕ್ಕೆ ರೆಸ್ಟ್ ಎಪಿಐ ಅನ್ನುತ್ತಿದ್ದರು. ಪೋಸ್ಟ್ ಅಂದರೆ ಈ ಗ್ರೂಪಿಗೆ ಇವನನ್ನು ಸೇರಿಸು, ಡಿಲೀಟ್ ಅಂದರೆ ತೆಗೆ. ಪುಟ್ ಅಂದರೆ ಹಳೆಯ ಪಟ್ಟಿಯನ್ನು ಪೂರ್ತಿ ಅಳಿಸಿ ನಾನು ಕೊಟ್ಟದ್ದನ್ನು ಮಾತ್ರ ಇಟ್ಟುಕೋ. ಈ ಪುಟ್ ಎಂಬ ಇಂಗ್ಲಿಷಿನ ಮೂರಕ್ಷರ ಕಂಡರೆ ಅವರಿಗೆ ಕೈ ಬೆವರುತ್ತಿತ್ತು. ಇಡೀ ಕಂಪನಿಯೇ ಬೀದಿಗೆ ಬೀಳುತ್ತದೆ ಶಾಮಲಮ್ಮ ಅನ್ನುತ್ತಿದ್ದರು. ನಾನು ನಗುತ್ತಿದ್ದೆ.

೨೦೦೯ರ ಯುಗಾದಿಗೆ ಮುಂಚೆ ಒಂದು ಆಜ್ಞೆ ಬಂತು. ಒಬ್ಬನೇ ಮನುಷ್ಯ ಎರಡೆರಡು ಸಲ ದಾಖಲಾಗಿದ್ದಾನೆ, ಹೆಸರು, ಊರು, ಹುಟ್ಟಿದ ತಾರೀಖು ಮೂರೂ ಒಂದೇ ಇದ್ದರೆ ಎರಡನೆಯದನ್ನು ಕಿತ್ತುಹಾಕಿ, ಹಬ್ಬದ ಮಾರನೆಯ ದಿನ, ವರ್ಷತೊಡಕಿಗೆ, ಬೆಳಗ್ಗೆ ಹನ್ನೊಂದಕ್ಕೆ ನನಗೆ ವರದಿ ಬೇಕು ಎಂದು ನಂದಕಿಶೋರ್ ಹೇಳಿ ಬೆಂಗಳೂರಿಗೆ ಹೊರಟುಹೋದರು. ವರ್ಷತೊಡಕಿನ ದಿನ ನಮ್ಮ ಕಡೆ ಯಾರು ಕೆಲಸಕ್ಕೆ ಬರುತ್ತಾರೆ? ಮನೆಮನೆಯಲ್ಲೂ ಮಾಂಸದಡಿಗೆ, ಜಗಲಿಯ ಮೇಲೆ ಇಸ್ಪೀಟು. ಕಾವಲಿನ ಗಂಗುಲಪ್ಪ, ನಾನು, ಚಂದ್ರಶೇಖರ್ ಸಾರ್, ಇನ್ನು ನಾಲ್ಕೈದು ಜನ ಮಾತ್ರ ಇದ್ದೆವು. ಕೋಲ್ಡ್ ರೂಮಿನವರಲ್ಲಿ ಒಬ್ಬನೇ ಬಂದಿದ್ದ.

ಪಟ್ಟಿಯಲ್ಲಿ ಹನ್ನೊಂದು ಜೋಡಿ ಇದ್ದವು. ಅದರಲ್ಲೊಂದು ಕೆ. ಆವಲಪ್ಪ, ಕ್ಯಾಲನೂರು, ೧-೬-೧೯೮೧. ಕೆಳಗೆ ಇನ್ನೊಂದು ಕೆ. ಆವಲಪ್ಪ, ಕ್ಯಾಲನೂರು, ೧-೬-೧೯೮೧. ಹಾಜರಿ ಪುಸ್ತಕ ಹೋದ ಮೇಲೆ ಸೇರಿದ ಹೆಸರುಗಳು, ಸಾರ್ ಮುಖ ನೋಡಿ ಗುರುತು ಹಾಕಿದವಲ್ಲ. ಬೆಂಗಳೂರಿನವರಿಗೆ ಗೊತ್ತಿಲ್ಲದಿರಬಹುದು, ಮುಳಬಾಗಿಲಿನವರಿಗೆ ಗೊತ್ತಿರಬೇಡವೇ? ಅಣ್ಣತಮ್ಮಂದಿರಿಬ್ಬರೂ ತಮ್ಮ ತಮ್ಮ ಹಿರಿಮಗನಿಗೆ ತಾತನ ಹೆಸರನ್ನೇ ಇಡುತ್ತಾರೆ. ಮಕ್ಕಳನ್ನು ಒಟ್ಟಿಗೇ ಸ್ಕೂಲಿಗೆ ಕರೆದುಕೊಂಡು ಹೋದರೆ, ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಮೇಷ್ಟ್ರು ಜೂನ್ ಒಂದು ಅಂತ ಬರೆದುಬಿಡುತ್ತಾರೆ. ಚಂದ್ರಶೇಖರ್ ಸಾರ್‌ಗೆ ಇದು ಹೊಳೆಯಿತು. ಇಬ್ಬರಿರಬಹುದೇನೋ ಎಂದು ಹತ್ತು ನಿಮಿಷ ಆ ಸಾಲನ್ನೇ ನೋಡುತ್ತ ಕೂತಿದ್ದರಂತೆ. ಕೆಳಗಿಳಿದು ಕೇಳೋಣ ಎಂದು ಎದ್ದೂ ಎದ್ದರಂತೆ. ಅಷ್ಟರಲ್ಲಿ ನಂದಕಿಶೋರ್ ಫೋನು ಮಾಡಿ, ಇನ್ನೂ ಮುಗಿದಿಲ್ಲವಾ ಎಂದು ರೇಗಿದರು. ಸಾರ್ ಕೂತುಬಿಟ್ಟರು. ಹತ್ತೂವರೆಗೆ ಎರಡನೇ ಆವಲಪ್ಪನನ್ನು ಅಳಿಸಿದರು.

ಎರಡನೇ ಆವಲಪ್ಪ ಆಗ ಕೋಲ್ಡ್ ರೂಮಿನ ಒಳಗಿದ್ದ. ಹತ್ತು ಇಪ್ಪತ್ತಕ್ಕೆ ಹಸಿರು ದೀಪ ಹತ್ತಿಸಿಕೊಂಡೇ ಒಳಗೆ ಹೋದವನು. ಮೊದಲನೇ ಆವಲಪ್ಪ ಕ್ಯಾಲನೂರಿನಲ್ಲಿ ಹಬ್ಬ ಮಾಡುತ್ತಿದ್ದ.

ಹನ್ನೆರಡಕ್ಕೆ ನಾವಿಬ್ಬರೂ ಮಹಡಿಯ ಮೇಲೆ ಬುತ್ತಿ ಬಿಚ್ಚಿ ಉಂಡೆವು. ನಾನೇನೋ ತಮಾಷೆ ಮಾಡಿದೆ, ಅವರೂ ನಕ್ಕರು. ವರದಿ ಕಳಿಸಿದ ಮೇಲೆ ಅವರಿಗೆ ಸ್ವಲ್ಪ ಹಗುರಾಗಿತ್ತು. ಕೈ ತೊಳೆದುಕೊಂಡು ಬಂದು, ಬಾಗಿಲುಗಳ ದಿನಚರಿಯನ್ನು ಸ್ಕ್ರೀನಿನ ಮೇಲೆ ತೆರೆದರು. ಯಾವ ಬಾಗಿಲು ಯಾರಿಗೆ ತೆರೆಯಿತು, ಯಾರಿಗೆ ತೆರೆಯಲಿಲ್ಲ ಎಂದು ಅದರಲ್ಲಿ ಸಾಲುಸಾಲಾಗಿ ಬೀಳುತ್ತದೆ. ನೋಡುತ್ತಲೇ ಕುರ್ಚಿಯಿಂದ ಅರ್ಧ ಎದ್ದು ಸ್ಕ್ರೀನಿಗೆ ಮುಖ ಹತ್ತಿರ ಮಾಡಿದರು. ನಾನು ಹೋಗಿ ಬಗ್ಗಿ ನೋಡಿದೆ.

ಕೋಲ್ಡ್ ರೂಮ್ ಮೂರು, ಒಳಬದಿ, ಅನುಮತಿ ಇಲ್ಲ. ಹತ್ತು ಐವತ್ತೆರಡು. ಹತ್ತು ಐವತ್ತೆರಡು. ಹತ್ತು ಐವತ್ತಮೂರು. ಒಂದೇ ಕಾರ್ಡು, ಒಂದೇ ನಂಬರು. ಮೂವತ್ತೊಂದು ಸಾಲುಗಳಿದ್ದವು. ಮೊದಮೊದಲು ನಿಮಿಷಕ್ಕೆರಡು, ಆಮೇಲೆ ಐದು ನಿಮಿಷಕ್ಕೊಂದು. ಕೊನೆಯದು ಹನ್ನೊಂದು ಐವತ್ತಕ್ಕೆ. ಗಡಿಯಾರ ಹನ್ನೆರಡೂ ಇಪ್ಪತ್ತೈದು ತೋರಿಸುತ್ತಿತ್ತು. ಮೂವತ್ತೈದು ನಿಮಿಷದಿಂದ ಯಾರೂ ಕಾರ್ಡು ಉಜ್ಜಿರಲಿಲ್ಲ.

ಒಳಗಿನಿಂದ ತೆಗೆಯುವ ಹಿಡಿ ಹೋದ ವರ್ಷವೇ ಮುರಿದಿತ್ತು. ಕಾರ್ಡು ಇದೆಯಲ್ಲ, ಬೇಡ ಎಂದು ನಂದಕಿಶೋರ್ ರಿಪೇರಿ ಮಾಡಿಸಿರಲಿಲ್ಲ. ಗೇಣುದ್ದ ದಪ್ಪದ ಬಾಗಿಲು, ಫ್ಯಾನಿನ ಸದ್ದು, ಬಡಿದರೆ ಯಾರಿಗೆ ಕೇಳಬೇಕು? ಒಳಗೆ ಎರಡು ಡಿಗ್ರಿ.

ನಾನು ಕೆಳಗೋಡಿದೆ. ಗಂಗುಲಪ್ಪ ಹಾರೆ ತಂದು ಬಾಗಿಲಿಗೆ ಹಾಕಿದ, ಬಾಗಿಲು ಜಗ್ಗಲಿಲ್ಲ. ಮೆಷಿನ್ನಿನ ಸ್ವಿಚ್ಚು ಆರಿಸಿದೆವು, ಫ್ಯಾನು ನಿಂತಿತು. ಬೀಗ ಬ್ಯಾಟರಿಯ ಮೇಲಿತ್ತು, ಬಿಡಲಿಲ್ಲ. ನಮ್ಮ ಯಾರ ಕಾರ್ಡೂ ಆ ಗ್ರೂಪಿನಲ್ಲಿರಲಿಲ್ಲ, ಇದ್ದವರೆಲ್ಲ ಊರಿನಲ್ಲಿ. ಬಾಗಿಲಿಗೆ ಕಿವಿಯಿಟ್ಟು ಆವಲಪ್ಪಾ ಎಂದು ಕೂಗಿದೆ. ಒಳಗಿನಿಂದ ಏನೂ ಬರಲಿಲ್ಲ. ಮತ್ತೆ ಮಹಡಿ ಹತ್ತಿ ಓಡಿದೆ.

ಚಂದ್ರಶೇಖರ್ ಸಾರ್ ತಮ್ಮ ನಂಬರನ್ನೇ ಕೋಲ್ಡ್ ರೂಮ್ ಗ್ರೂಪಿಗೆ ಸೇರಿಸುತ್ತಿದ್ದರು. ಅಳಿಸಿದವನನ್ನು ಹೊಸದಾಗಿ ಹುಟ್ಟಿಸಲು ಬೆಂಗಳೂರಿನ ಒಪ್ಪಿಗೆ ಬೇಕು, ತಮ್ಮನ್ನು ಸೇರಿಸಿಕೊಳ್ಳಲು ಬೇಡ. ತಪ್ಪು ಅಕ್ಷರ ಒತ್ತುತ್ತಿದ್ದರು, ಅಳಿಸುತ್ತಿದ್ದರು.

"ಓದಿ ಶಾಮಲಮ್ಮ. ಪೋಸ್ಟ್ ಅಂತಿದೆಯಾ? ಪುಟ್ ಅಂತಿಲ್ಲ ತಾನೆ?"

"ಪೋಸ್ಟ್ ಅಂತಿದೆ ಸಾರ್. ಒತ್ತಿ."

ಒತ್ತಿದರು. ಸರ್ವರ್ ಸರಿ ಎಂದಿತು. ಆದರೆ ಬಾಗಿಲು ತನ್ನ ಪಟ್ಟಿಯನ್ನು ಕಾಲು ಗಂಟೆಗೊಮ್ಮೆ ಮಾತ್ರ ತರಿಸಿಕೊಳ್ಳುತ್ತಿತ್ತು. ಆಗ ಹನ್ನೆರಡೂ ಮೂವತ್ತೊಂದು. ಹದಿನಾಲ್ಕು ನಿಮಿಷ ಕಾಯಬೇಕು.

ಆ ಹದಿನಾಲ್ಕು ನಿಮಿಷವನ್ನು ನಾನು ಈಗಲೂ ನೆನೆಯಲು ಹೆದರುತ್ತೇನೆ. ಸಾರ್ ಬಾಗಿಲ ಮುಂದೆ ನಿಂತು ಕಾರ್ಡು ಉಜ್ಜುತ್ತಲೇ ಇದ್ದರು. ಕೆಂಪು. ಮತ್ತೆ ಉಜ್ಜಿದರು. ಕೆಂಪು. ಗಂಗುಲಪ್ಪ ಹಾರೆಯಿಂದ ಕುಟ್ಟುತ್ತಲೇ ಇದ್ದ, ಅವನ ಅಂಗೈಯಿಂದ ರಕ್ತ ಬರುತ್ತಿತ್ತು. ಸಾರ್ ಅಂಗಿ ಬೆನ್ನಿಗಂಟಿತ್ತು, ತುಟಿ ಏನೋ ಗೊಣಗುತ್ತಿತ್ತು. ದೇವರ ಹೆಸರಿರಬೇಕು ಅಂದುಕೊಂಡೆ. ಹತ್ತಿರ ಹೋದಾಗ ಕೇಳಿಸಿತು, ಆವಲಪ್ಪ ಕ್ಯಾಲನೂರು, ಆವಲಪ್ಪ ಕ್ಯಾಲನೂರು ಎಂದು ಹಾಜರಿ ಕೂಗುವ ಧ್ವನಿಯಲ್ಲಿ ಹೇಳುತ್ತಿದ್ದರು.

ಹನ್ನೆರಡೂ ನಲವತ್ತೈದಕ್ಕೆ ಹಸಿರಾಯಿತು.

ಅವನು ಹೂವಿನ ಪೆಟ್ಟಿಗೆಗಳ ನಡುವೆ, ರಟ್ಟು, ಪ್ಲಾಸ್ಟಿಕ್ಕು ಸುತ್ತಿಕೊಂಡು ಮುದುಡಿ ಕೂತಿದ್ದ. ತುಟಿ ನೀಲಿ. ಹೆಸರು ಕೂಗಿದರೆ ಕಣ್ಣು ಮಾತ್ರ ಹೊರಳಿತು. ನಾನು ನನ್ನ ಸೀರೆಯ ಸೆರಗನ್ನೇ ಹೊದಿಸಿ, ಎದೆಗೆ ಒತ್ತಿಕೊಂಡು ಎಳೆದು ತಂದೆ. ಜೀಪಿನಲ್ಲಿ ಕೋಲಾರದ ಆಸ್ಪತ್ರೆಗೆ ಹೋದೆವು. ಬದುಕಿಕೊಂಡ. ಬಲಗೈಯ ಎರಡು ಬೆರಳಿನ ತುದಿಗೆ ಸ್ಪರ್ಶ ಮಾತ್ರ ವಾಪಸು ಬರಲಿಲ್ಲ.

ಕಂಪನಿ ಅದನ್ನು ಯಂತ್ರದ ತೊಂದರೆ ಎಂದು ಬರೆದುಕೊಂಡಿತು. ಚಂದ್ರಶೇಖರ್ ಸಾರ್ ಸಮಯಪ್ರಜ್ಞೆಯಿಂದ ಒಂದು ಜೀವ ಉಳಿಸಿದರು ಎಂದು ನೋಟೀಸು ಬೋರ್ಡಿಗೆ ಹಾಳೆ ಅಂಟಿಸಿದರು. ಅವರು ಆ ಬೋರ್ಡಿನ ದಾರಿಯಲ್ಲೇ ನಡೆಯುತ್ತಿರಲಿಲ್ಲ. ಊಟದ ಡಬ್ಬಿ ಬಿಚ್ಚಿ ಹಾಗೆಯೇ ಮುಚ್ಚುತ್ತಿದ್ದರು. ಯಾರಾದರೂ ಬೆನ್ನು ತಟ್ಟಿದರೆ ಬೆಚ್ಚಿಬೀಳುತ್ತಿದ್ದರು. ಸುಮ್ಮನಿದ್ದುಬಿಡಿ ಸಾರ್, ಯಾರಿಗೂ ಗೊತ್ತಾಗಲ್ಲ ಎಂದು ನಾನೇ ಹೇಳಿದ್ದೆ. ಆ ಮಾತಿಗೆ ಈಗ ನಾಚಿಕೆಯಾಗುತ್ತದೆ.

ಎಂಟನೇ ದಿನ ಆವಲಪ್ಪನ ತಾಯಿ ಅಕ್ಕಯಮ್ಮ ಕ್ಯಾಲನೂರಿನಿಂದ ಒಂದು ಕ್ಯಾನು ಹಾಲು ಹೊತ್ತು ಮಹಡಿ ಹತ್ತಿ ಬಂದಳು. ಕ್ಯಾನು ಇಟ್ಟು, ಮಗನನ್ನು ಉಳಿಸಿದ ಸಾಮಿ ಯಾರು ಎಂದು ಕೇಳಿ, ಅವರ ಕಾಲಿಗೆ ಬಗ್ಗಿದಳು. ಸಾರ್ ಹಿಂದಕ್ಕೆ ಸರಿದು ಗೋಡೆಗೆ ಒತ್ತಿಕೊಂಡರು.

"ಅವನ ಹೆಸರು ತೆಗೆದದ್ದು ನಾನೇ ಅಮ್ಮ. ಇಬ್ಬರೂ ಒಬ್ಬನೇ ಅಂತ ಬರೆದುಬಿಟ್ಟೆ. ಅನುಮಾನ ಬಂದಿತ್ತು. ಆದರೂ ತೆಗೆದೆ."

ಬಗ್ಗಿದ್ದ ಅಕ್ಕಯಮ್ಮ ನೆಟ್ಟಗೆ ನಿಂತು ಅವರ ಮುಖ ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬರುತ್ತದೆ ಎಂದು ನಾನು ಕಾದೆ, ಬರಲಿಲ್ಲ.

"ಒಂದು ಮಾತು ಕೇಳ್ಬೋದಾಗಿತ್ತಲ್ಲ ಸಾಮಿ. ಕೆಳಗೇ ಇದ್ನಲ್ಲ ನನ್ ಮಗ."

"ಭಯ ಆಯ್ತಮ್ಮ," ಎಂದರು ಚಂದ್ರಶೇಖರ್ ಸಾರ್.

ಅವಳು ಬಗ್ಗಿ ಹಾಲಿನ ಕ್ಯಾನನ್ನು ಕೈಗೆತ್ತಿಕೊಂಡಳು.

"ಒಳಗಿದ್ದೋನಿಗೂ ಆಯ್ತು ಸಾಮಿ," ಎಂದು ಹೇಳಿ ಮೆಟ್ಟಿಲಿಳಿದು ಹೋದಳು.