ಅಣ್ಣನೆದುರಿನ ಸಾಂಗ್ರಿಯಾ

ತಮ್ಮನಿಗೆ ಯಾವ ಪಾನೀಯವನ್ನು ತರಿಸಬೇಕೆಂದು ತೀರ್ಮಾನಿಸುವುದಕ್ಕಾಗಿ, ಬಾಬುರಾಯನಕೊಪ್ಪಲಿನ ಆಚೆ ಮೈಸೂರು ರಸ್ತೆಯ ಪಕ್ಕದಲ್ಲಿರುವ ಮೆಕ್ಸಿಕನ್ ಹೋಟೆಲಿನಲ್ಲಿ ಕೂತು ನಾನು ಮೆನುವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಮೇಷ್ಟರ ಕೆಲಸ ಬಿಟ್ಟ ಮೇಲೂ ಯಾವುದನ್ನೂ ಅರ್ಧಕ್ಕೆ ಓದಿ ಬಿಡುವುದು ನನ್ನಿಂದಾಗದು. ತಮ್ಮನು ಕುರ್ಚಿಯ ಅಂಚಿನಲ್ಲಿ ಕೂತು, ಗೋಡೆಯ ಮೇಲೆ ಬರೆದಿದ್ದ ಪಾಪಾಸುಕಳ್ಳಿಯನ್ನು ನೋಡುತ್ತಿದ್ದ. ಅವನ ಕಣ್ಣುಗಳು ಹಳದಿಗಟ್ಟಿದ್ದವು.

ನನ್ನೆದುರಿಗೆ ಕೂರಿಸಿ ಅಳೆದು ಕುಡಿಸುವ ಈ ಉಪಾಯ ಅವನ ಹೆಂಡತಿಯದು. ಹಿಂದೊಮ್ಮೆ ಅವನು ಕುಡಿತವನ್ನು ದಿಢೀರನೆ ನಿಲ್ಲಿಸಿದಾಗ ಫಿಟ್ಸ್ ಬಂದಿತ್ತು. ಆಸ್ಪತ್ರೆಗೆ ಸೇರಿಸುವವರೆಗೆ ಯಾರಾದರೂ ಎದುರಿಗಿದ್ದು, ಅಳೆದು ಕೊಟ್ಟು, ಸ್ವಲ್ಪ ಸ್ವಲ್ಪವಾಗಿ ತಗ್ಗಿಸಬೇಕೆಂದು ವೈದ್ಯರು ಹೇಳಿದ್ದರು. "ಅವ್ರು ಎದ್ರೋದು ನಿಮ್ಗೊಬ್ರಿಗೇ ಭಾವ," ಎಂದು ಅವಳು ಬೆಳಿಗ್ಗೆ ಪಾಂಡವಪುರದಿಂದ ಫೋನ್ ಮಾಡಿದ್ದಳು. "ನಿಮ್ ಮುಂದೆ ಕುಡುಸ್ಬುಡಿ. ಒಂದಕ್ಕೆ ನಿಲ್ಸುದ್ರೆ ನಾನು ಬದುಕ್ಕತೀನಿ."

ಊರಿನ ಬಾರಿಗೆ ಹೋಗುವಂತಿರಲಿಲ್ಲ. ಅಲ್ಲಿ ಅವನನ್ನು ಕೂಗಿ ಕರೆಯುವವರೇ ಎಲ್ಲ. ಹೆಂಗಸರು, ಮಕ್ಕಳು ಕೂತು ಉಣ್ಣುವ ಜಾಗ ಬೇಕಿತ್ತು. ಟಕೀಲಾ ಕಡುವಾದದ್ದೆಂದು ಮಾಣಿ ಹೇಳಿದ್ದರಿಂದ ಅದನ್ನು ಬೆರೆಸಿದ ಕಾಕ್‌ಟೇಲುಗಳನ್ನೆಲ್ಲ ಕೈಬಿಟ್ಟೆ. ಕೊನೆಗೆ ಉಳಿದದ್ದು ಸಾಂಗ್ರಿಯಾ: ಕೆಂಪು ವೈನು, ಅದರೊಳಗೆ ಹಣ್ಣಿನ ಹೋಳು.

ಅಷ್ಟರಲ್ಲಿ ಪಕ್ಕದ ಮೇಜಿಗೆ ಟಕೀಲಾ ಬೆರೆಸಿದ ಮಾರ್ಗರೀಟಾ ಬಂತು.

"ನೋಡಣ್ಣ, ಲೋಟದ್ ಬಾಯ್ಗೆ ಉಪ್ ಅಚ್ಚವ್ರೆ, ಮಾವಿನ್ಕಾಯ್ಗೆ ಅಚ್ದಂಗೆ."

"ಅತ್ಲಾಗ್ ನೋಡ್ಬೇಡ ಕಣ್ಲಾ. ನಿಂಗೆ ವೈನು. ಸೇಬು, ಮೂಸಂಬಿ ಎಲ್ಲ ಆಕ್ತಾರಂತೆ."

"ಅಂಗಾರೆ ರಾಮ್ನೌಮಿ ಪಾನ್ಕ ಅನ್ನು!"

ಇಬ್ಬರೂ ನಕ್ಕೆವು. ಇದು ಸಾಧ್ಯ ಎಂದು ಆ ಗಳಿಗೆಯಲ್ಲಿ ನಾನು ನಿಜವಾಗಿಯೂ ನಂಬಿದೆ.

ಲೋಟ ಬಂತು. ಅವನು ಅದನ್ನೇ ನೋಡುತ್ತಿದ್ದ, ಆದರೆ ಕೈ ಲೋಟದತ್ತ ಸರಿಯಲಿಲ್ಲ.

"ಕುಡಿಯೋ. ನಾನೇ ಕೊಡುಸ್ತಿರೋದು."

"ನೀನು ಒಸಿ ಅತ್ಲಾಗ್ ತಿರುಕ್ಕೊ ಅಣ್ಣ."

ತಿರುಗಿ ಕೂತೆ. ಸಾಕಷ್ಟು ಹೊತ್ತು ಕಾದು ಈಚೆ ತಿರುಗಿದರೆ ಲೋಟ ತುಂಬಿದಂತೆಯೇ ಇತ್ತು. ಅವನು ತಲೆ ತಗ್ಗಿಸಿದ್ದ. "ಆಗಕ್ಕಿಲ್ಲ ಕಣಣ್ಣ," ಎಂದ.

ನಮ್ಮ ಮನೆಯಲ್ಲಿ ಚಿಕ್ಕವರು ದೊಡ್ಡವರೆದುರು ಕಾಲ ಮೇಲೆ ಕಾಲು ಹಾಕಿಯೂ ಕೂರುವುದಿಲ್ಲ. ನಾನು ರಸ್ತೆಯ ಆ ತುದಿಯಲ್ಲಿ ಕಂಡರೆ ಅವನು ಬೀಡಿಯನ್ನು ಮೋರಿಗೆ ಎಸೆಯುತ್ತಿದ್ದ. ನಾಗಮಂಗಲದಲ್ಲಿ ಮೇಷ್ಟರಾಗಿದ್ದಾಗ ಇದನ್ನು ನಾನು ಸಹೋದ್ಯೋಗಿಗಳಿಗೆ ಅಭಿಮಾನದಿಂದ ಹೇಳುತ್ತಿದ್ದೆ. ಈ ಮರ್ಯಾದೆಯಿಂದಾಗಿಯೇ ಅವನು ಎಷ್ಟು ಕುಡಿಯುತ್ತಾನೆಂಬುದನ್ನು ನಾನು ಒಂದು ದಿನವೂ ಕಾಣಲಿಲ್ಲ. ಅದರ ಆಸರೆಯಲ್ಲೇ ಅವನ ಲಿವರ್ ಕರಗಿತು.

"ಮೊಕ ತೊಳ್ಕಂಡ್ ಬತ್ತೀನಿ," ಎಂದು ಅವನು ಎದ್ದುಹೋದ. ಕಿಟಕಿಯ ಗಾಜಿನಾಚೆ, ಕಾರುಗಳ ಸಂದಿಯಲ್ಲಿ, ಹೋಟೆಲಿಗೆ ಓರೆಯಾಗಿ ಬೆನ್ನು ಮಾಡಿ ನಿಂತು ಅವನು ವಿಸ್ಕಿಯ ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿಯುತ್ತಿದ್ದುದು ಕಂಡಿತು. ಅದನ್ನು ಬಿಸಾಡಿ, ಜೇಬಿನಿಂದ ಮತ್ತೊಂದನ್ನು ತೆಗೆದ. ನಾನು ಏಳಲಿಲ್ಲ. ಎದ್ದು ಹೋಗಿದ್ದರೆ ಇನ್ನೂ ದೂರ ಹೋಗಿ ಕುಡಿಯುತ್ತಿದ್ದ.

ಬಾಯಿಗೆ ಕೈ ಅಡ್ಡ ಹಿಡಿದು ವಾಪಸು ಬಂದು ಕೂತ.

"ನಿನ್ ಮುಂದೆ ಯಾವತ್ತೂ ಮುಟ್ಟಿಲ್ಲ ಕಣಣ್ಣ. ಸಾಯೋಗಂಟ ಮುಟ್ಟಾಕಿಲ್ಲ."

ಅದನ್ನು ಹೇಳುವಾಗ ಅವನ ಮುಖದಲ್ಲಿ ಹೆಮ್ಮೆಯಿತ್ತು.

ಪಾಂಡವಪುರ ತಲುಪುವ ಹೊತ್ತಿಗೆ ಅವನು ಕಾರಿನಲ್ಲಿ ನಿದ್ದೆ ಹೋಗಿದ್ದ. ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಒಂದಕ್ಕೆ ನಿಲ್ಸುದ್ರಾ ಭಾವ?"

ಕಂಡದ್ದನ್ನು ಕಂಡಂತೆ ಹೇಳಿದೆ. ಅವಳು ಅಳಲಿಲ್ಲ.

"ಯಾರ್ಗೂ ಬಗ್ಗದೋರು ನಿಮ್ಗೆ ಬಗ್ತಾರೆ ಅನ್ಕಂಡಿದ್ದೆ," ಎಂದಳು. "ಇನ್ಯಾರ್ನ ಕರೀಲಿ ನಾನು?"

ಆ ಮಾತಿಗೋ ಏನೋ ತಮ್ಮನಿಗೆ ಎಚ್ಚರವಾಯಿತು. ಕಾರಿನಿಂದ ತಡವರಿಸುತ್ತ ಇಳಿದು, ಬಾಗಿಲಲ್ಲಿ ನನ್ನನ್ನು ಕಂಡು, ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ.