ಮೊಮ್ಮಗಳ ಒಲೆಯ ಮುಂದೆ

ನನ್ನ ಮೊಮ್ಮಗಳು ಮಡಕಶಿರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಜೊತೆಗೆ ಪಿಎಚ್‌ಡಿಗೂ ಓದುತ್ತಿದ್ದಾಳೆ. ನಾನು ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿದು ಬಾಳಿದವಳು, ಓದಿದ್ದು ಮೂರನೇ ಕ್ಲಾಸು. ಅವಳನ್ನು ನೋಡಲು ಹೋದಾಗ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಅವಳ ಸುದ್ದಿ ಹೇಳಿದ್ದೇ ಹೇಳಿದ್ದು.

ಭಾನುವಾರ ನನ್ನನ್ನೂ ಲ್ಯಾಬಿಗೆ ಕರೆದೊಯ್ದಳು. ಹಿಂದಿನ ದಿನ ಒಂದು ಬಿಳಿ ಪುಡಿಗೆ ಗುಲಾಬಿ ಬಣ್ಣದ ಕೋಬಾಲ್ಟ್ ದ್ರಾವಣವನ್ನು ಹನಿಹನಿಯಾಗಿ ಕುಡಿಸಿ ಒಣಗಿಸಿದ್ದಳು. ಪುಡಿಯ ಕಣಕಣದಲ್ಲೂ ಕಣ್ಣಿಗೆ ಕಾಣದ ತೂತುಗಳಿವೆಯಂತೆ. ಕರೆಂಟಿನ ಒಲೆಯಲ್ಲಿ ನಿಧಾನವಾಗಿ ಕಾಸಿದರೆ ಲೋಹ ಆ ತೂತುಗಳೊಳಗೇ ಅಂಟಿಕೊಂಡು, ಮುಂದೆ ಗಾಡಿಗಳ ವಿಷದ ಹೊಗೆಯನ್ನು ಕಳೆಯುತ್ತದಂತೆ. ಕಾವು ಗಬಕ್ಕನೆ ಏರಿದರೆ ಎಲ್ಲ ಹೊರಬಂದು ಗಂಟುಕಟ್ಟುತ್ತದೆ. ಅವಳ ಬಳಿ ಉಳಿದಿದ್ದೇ ಅಷ್ಟು ಪುಡಿ. ಕೆಟ್ಟರೆ ಎಲ್ಲವನ್ನೂ ಮೊದಲಿಂದ ಮಾಡಬೇಕು.

"ಅಜ್ಜಿ, ಏನೂ ಮುಟ್ಟಬ್ಯಾಡ. ಹತ್ರ ಬಂದು ಊದಲೂ ಬ್ಯಾಡ, ಪುಡಿ ಹಾರಿ ಹೋಗತೈತಿ."

"ಉಸಿರಾದ್ರೂ ಆಡ್ಲೇನವ್ವ?"

"ಸ್ವಲ್ಪ ದೂರ ಕುಂತು ಆಡು."

ಬಾಗಿಲಲ್ಲಿದ್ದ ಅಟೆಂಡರ್ ನಕ್ಕ. "ಬನ್ನಿ ಅಜ್ಜಿ, ಇಲ್ಲಿ ಸ್ಟೂಲ್ ಐತೆ. ಮೇಡಮ್ಮು ನಮ್ಮನ್ನೂ ಹಿಂಗೇ ಕೂರಿಸ್ತಾರೆ."

ಕೂತೆ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯುವ ಕೈ ನನ್ನದು. ಇಲ್ಲಿ ಬಾಗಿಲು ಮುಚ್ಚಿದ ಒಲೆ, ಅದರ ಮೇಲೆ ಮೆಲ್ಲಗೆ ಏರುವ ಕೆಂಪು ಅಂಕಿ, ಅಷ್ಟೇ. ಮಧ್ಯಾಹ್ನ ಇದ್ದಕ್ಕಿದ್ದಂತೆ ಕರೆಂಟು ಮಂಕಾಯಿತು. ಅವಳು ಎದ್ದು ನಿಂತಳು. ನಾನೂ ಎದ್ದೆ. ಎದ್ದು ಏನು ಮಾಡಲಿ? ಸೆರಗು ಹಿಂಡುತ್ತ ನೇಮಕಲ್ಲಿನ ಆಂಜನೇಯನಿಗೆ ಕೈ ಮುಗಿದೆ. ಪುಣ್ಯಕ್ಕೆ ಅಂಕಿ ಆರಲಿಲ್ಲ.

ಸಂಜೆ ಒಲೆ ತಣ್ಣಗಾದ ಮೇಲೆ ಬಟ್ಟಲನ್ನು ಇಕ್ಕಳದಲ್ಲಿ ಹೊರತೆಗೆದಳು. ಗುಲಾಬಿ ಪುಡಿ ಕರ್ರಗಾಗಿತ್ತು! ಇಸ್ತ್ರಿ ಒಂದು ಗಳಿಗೆ ಹೆಚ್ಚು ನಿಂತರೆ ಬಟ್ಟೆಯ ಗತಿ ಏನೆಂದು ನನಗೆ ಗೊತ್ತಿಲ್ಲವೇ? ನಾನು ಸುಮ್ಮನೆ ನೋಡುತ್ತ ಕೂತಿದ್ದಾಗಲೇ ಮಗುವಿನ ದುಡಿಮೆ ಸುಟ್ಟುಹೋಯಿತಲ್ಲ ಎಂದು ಅವಳ ಬೆನ್ನ ಮೇಲೆ ಕೈಯಿಟ್ಟೆ.

"ಹೋಗ್ಲಿ ಬಿಡವ್ವ, ಸೀದರ ಸೀದೈತಿ. ಮತ್ತ ಮಾಡೀಯಂತ."

"ಸೀದಿಲ್ಲಜ್ಜಿ! ಕರ್ರಗಾಗಲಿ ಅಂತಾನ ಬೆಳಗ್ಗಿಂದ ಕಾದಿದ್ದು!" ಅವಳು ನಕ್ಕು ನನ್ನನ್ನು ತಬ್ಬಿಕೊಂಡಳು. "ತೂತಿನೊಳಗ ನೆಟ್ಟಗ ಕುಂತೈತೋ ಇಲ್ಲೋ, ಅದನ್ನ ದೊಡ್ಡ ಮಿಷನ್ನಿನಾಗ ನೋಡಬೇಕು."

ಅದಕ್ಕೆ ಇನ್ನೂ ಕಾಯಬೇಕಂತೆ. ಅಲ್ಲಿಯೂ ನನ್ನ ಕೈಯಲ್ಲಿ ಏನೂ ಇಲ್ಲ.

ಹೊರಡುವಾಗ ಆ ಕರಿ ಪುಡಿ ತುಂಬಿ ಮುಚ್ಚಳ ಬಿಗಿದ ಪುಟ್ಟ ಸೀಸೆಯನ್ನು ಹಿಡಿದುಕೊಳ್ಳಲು ಕೊಟ್ಟಳು. ಅವಳ ಮನೆಯವರೆಗೂ ಎರಡೂ ಕೈಯಲ್ಲಿ ಹಿಡಿದೇ ನಡೆದೆ. ದಾರಿಯಲ್ಲಿ ಒಬ್ಬಾಕೆ ಅದೇನೆಂದು ಕೇಳಿದಳು. ಹೆಸರು ಬಾಯಿಗೆ ಬರಲಿಲ್ಲ. "ನಮ್ ಹುಡುಗಿ ಮಾಡಿದ್ದು" ಎಂದೆ.