ಬಾವಿಯ ಹಗ್ಗ, ರೇಡಿಯೋ ಗೋಪುರ

ಸೊಂಟ ಮುರಿದದ್ದು ಮಲ್ಲಪ್ಪನದು. ರೇಡಿಯೋ ಸಂಘದವರಲ್ಲಿ ಯಾರೊಬ್ಬರಿಗೂ ಒಂದು ತರಚುಗಾಯವೂ ಆಗಿಲ್ಲ.

ಸುರಪುರದ ಹವ್ಯಾಸಿ ರೇಡಿಯೋ ಸಂಘವನ್ನು ನೀವು ಬಲ್ಲಿರಿ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಲೈಸೆನ್ಸ್ ಪಡೆದು, ಮನೆಯಲ್ಲೇ ಕೂತು ದೂರದ ಅಪರಿಚಿತರೊಡನೆ ಮಾತಾಡುವ ವಕೀಲರು, ವ್ಯಾಪಾರಿಗಳು. (ಅವರ ಹುಮ್ಮಸ್ಸಿಗೆ ನನ್ನ ಆಕ್ಷೇಪವಿಲ್ಲ.) ಗುಡ್ಡದ ಮೇಲೆ ಕಬ್ಬಿಣದ ಗೋಪುರ ನಿಲ್ಲಿಸಿದ್ದಾರೆ. ಅದರ ತುದಿಯ ಆಂಟೆನಾ ಗಾಳಿಗೆ ವಾಲಿತ್ತು. ನೆಟ್ಟಗೆ ಮಾಡಲು ಅವರು ಕರೆಸಿದ್ದು ಬಾವಿಯ ಹೂಳು ತೆಗೆಯುವ ಮಲ್ಲಪ್ಪನನ್ನು. ಆಳ ಬಲ್ಲವನಿಗೆ ಎತ್ತರವೂ ಗೊತ್ತಿರುತ್ತದೆಂದು ಹೇಳಿದವರು ಯಾರು?

ನೋಡಲು ಹೋಗಿದ್ದ ನಾನು "ಹುಷಾರಪ್ಪ" ಎಂದೆ.

"ಬಾವ್ಯಾಗ ಹಾವು ಇರ್ತಾವ್ರಿ ಮಾಸ್ತರ್ರ. ಇಲ್ಲಿ ಬರೇ ಕಾಗಿ. ಅವು ಕಡದ್ರ ಎಷ್ಟು ಕಡದಾವು?" ಎಂದು ನಕ್ಕ.

ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಇನ್ನೊಂದು ತುದಿಯನ್ನು ಅವನ ತಮ್ಮ ಹಣಮಂತ ಮತ್ತು ಜೊತೆಗಾರರು ಹಿಡಿದರು. ಬಾವಿಗೆ ಇಳಿಯುವಾಗಿನ ಪದ್ಧತಿಯೇ ಅದು. ಇಳಿದವನ ಕಾಲು ಜಾರಿದರೆ ದಂಡೆಯ ಮೇಲಿನವರು ಜಗ್ಗುತ್ತಾರೆ, ಅವನು ಬದುಕುತ್ತಾನೆ. ಆದರೆ ಇಲ್ಲಿ ಹಗ್ಗ ಹಿಡಿದವರು ನಿಂತದ್ದು ಕೆಳಗೆ! ನೆರೆದಿದ್ದ ಒಬ್ಬರಿಗೂ ಅದು ಹೊಳೆಯಲಿಲ್ಲ.

ಅವನು ತುದಿ ಮುಟ್ಟುವಷ್ಟರಲ್ಲಿ ಗಾಳಿ ಎದ್ದಿತು. ಗೋಪುರವನ್ನು ಎಳೆದು ನಿಲ್ಲಿಸಿದ್ದ ತಂತಿಗಳು ಕಿರುಗುಟ್ಟಿದವು. ಮಲ್ಲಪ್ಪನ ಒಂದು ಕಾಲು ಜಾರಿತು. ಕೈಗಳು ಮಾತ್ರ ಕಬ್ಬಿಣವನ್ನು ಬಿಟ್ಟಿರಲಿಲ್ಲ. ಉಳಿಯುತ್ತಿದ್ದ.

"ಅಣ್ಣಾ! ಜಗ್ರಿಲೇ, ಜಗ್ರಿ!" ಹಣಮಂತ ಚೀರಿದ.

ಜಗ್ಗಿದರು. ಉಳಿಸಬೇಕೆಂದೇ ಜಗ್ಗಿದರು.

ಆಮೇಲಿನ ಸದ್ದನ್ನು ನಾನಿಲ್ಲಿ ಬರೆಯಲಾರೆ.

ಯಾದಗಿರಿಯ ಆಸ್ಪತ್ರೆಯಲ್ಲಿ ಮಲಗಿರುವ ಅವನ ಕಾಲುಗಳಿಗೆ ಇನ್ನೂ ಸ್ಪರ್ಶ ಮರಳಿಲ್ಲ. "ಹಗ್ಗ ಕಟ್ಟಿಸಿದ್ವಲ್ರಿ, ಇನ್ನೇನು ಮಾಡಬೇಕಿತ್ರಿ?" ಎಂದರು ಸಂಘದ ಕಾರ್ಯದರ್ಶಿ.

ಹೇಳುತ್ತೇನೆ. ಹಗ್ಗದ ತುದಿಯನ್ನು ಮನುಷ್ಯರ ಕೈಗೆ ಕೊಡದೆ ಗೋಪುರಕ್ಕೇ ಕಟ್ಟಿಸಬೇಕಿತ್ತು. ಎರಡು ಪಟ್ಟಿಗಳ ಬೆಲ್ಟ್ ತರಿಸಬೇಕಿತ್ತು. ಒಂದನ್ನು ಬಿಚ್ಚಿ ಮೇಲೆ ಸರಿಸುವಾಗ ಇನ್ನೊಂದು ಅವನನ್ನು ಹಿಡಿದಿರುತ್ತಿತ್ತು. ಗಾಳಿಯ ದಿನ ಹತ್ತಿಸಲೇಬಾರದಿತ್ತು. ರೇಡಿಯೋ ತರಿಸಿದವರಿಗೆ ಬೆಲ್ಟ್ ತರಿಸುವುದು ಅಷ್ಟು ಕಷ್ಟವೇ?

ನನ್ನ ಭಯ ಇಲ್ಲಿಗೇ ಮುಗಿದಿಲ್ಲ. ಆಂಟೆನಾ ಇನ್ನೂ ವಾಲಿಯೇ ಇದೆ. ಬರುವ ಭಾನುವಾರ ಹಣಮಂತ ಹತ್ತುತ್ತಾನಂತೆ. ಕಾರ್ಯದರ್ಶಿಗಳು ಒಪ್ಪಿಯೂ ಆಗಿದೆ!

ಆಸ್ಪತ್ರೆಯಲ್ಲಿ ಸಿಕ್ಕಾಗ ಕೇಳಿದೆ: "ಯಾಕೋ ಹಣಮಂತಾ?"

"ಅಣ್ಣನ್ನ ಕೆಡವಿದ ಕೈ ಇವ್ರಿ ಮಾಸ್ತರ್ರ. ಅವ ಬಿಟ್ಟ ಕೆಲ್ಸಾನಾದ್ರೂ ಮುಗಸ್ಲಿ."

ಗಂಡನ ತಲೆಯ ಬಳಿ ಕುಳಿತಿದ್ದ ದೇವಮ್ಮ ಸಿಡಿದಳು: "ಹೋಗು, ನೀನೂ ಬೀಳು. ಬಾಜೂದ ಖಾಟ್ ಖಾಲಿ ಅದ."

ಬೈಯುತ್ತಲೇ ಮೈದುನನ ತೋಳನ್ನು ಹಿಡಿದುಕೊಂಡಳು. ನಾನು ಹೊರಡುವಾಗಲೂ ಬಿಟ್ಟಿರಲಿಲ್ಲ.

ಕಾರ್ಯದರ್ಶಿಗಳೇ, ಭಾನುವಾರದ ಕೆಲಸವನ್ನು ಇಂದೇ ರದ್ದು ಮಾಡಿ: ನಿಮ್ಮ ಸ್ವಂತ ಮಗನನ್ನು ಯಾವ ಬೆಲ್ಟ್ ನಂಬಿ ಹತ್ತಿಸುವಿರೋ ಆ ಬೆಲ್ಟ್ ಬರುವವರೆಗೆ, ಹತ್ತಲು ಬಲ್ಲವರು ಬಂದು ಕಲಿಸುವವರೆಗೆ, ಹಣಮಂತನ ಕಾಲು ನೆಲದ ಮೇಲೇ ಇರಲಿ.